ಒಂದು ಹಾಸಿಗೆಗಾಗಿ ಭೀಮವ್ವನ ದಂಡಯಾತ್ರೆ

ಸುರಪುರದ ಮೇಲೆ ದಂಡೆತ್ತಿ ಬಂದವರು ಇತಿಹಾಸದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆನೆ ತಂದವರಿದ್ದರು, ತೋಪು ತಂದವರಿದ್ದರು. ಟಂಟಂ ಆಟೋದಲ್ಲಿ ಬಂದವಳು ಕೊಂಕಲ್ಲಿನ ಭೀಮವ್ವ ಒಬ್ಬಳೇ. ಅವಳ ಸೈನ್ಯದಲ್ಲಿ ಸಾರಥಿ, ಮಂತ್ರಿ, ಬಹುಪರಾಕು ಹೇಳುವವ ಎಲ್ಲ ಸೇರಿ ಒಬ್ಬನೇ, ಮೈದುನ ಪರಶುರಾಮ. ಆಯುಧವೆಂದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಎಕ್ಸ್‌ರೇ. ಗೆಲ್ಲಬೇಕಾಗಿದ್ದದ್ದು ಕೋಟೆಯಲ್ಲ, ಒಂದು ಹಾಸಿಗೆ. ಬೆನ್ನುಹುರಿ ಕಡಿದುಹೋದ ಗಂಡನಿಗೆ ಮತ್ತೆ ಬದುಕುವುದನ್ನು ಕಲಿಸುವ ಯಾವುದಾದರೂ ದವಾಖಾನೆಯಲ್ಲಿ ಒಂದೇ ಒಂದು ಹಾಸಿಗೆ. ಅಂಥದ್ದು ಎಲ್ಲಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳು ಮೊದಮೊದಲು ಕೇಳಿದ ಮಂದಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲವೆಂದು ಅವರಲ್ಲಿ ಒಬ್ಬರೂ ಹೇಳಲಿಲ್ಲ.

ಭೀಮವ್ವನಿಗೆ ನಲವತ್ತು ದಾಟಿತ್ತು. ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ, ಕುರಿ ಸಾಕುವವರ ಮನೆಗೇ ಸೊಸೆಯಾಗಿ ಬಂದವಳು. ಹಟ್ಟಿಯ ಮರಿಯ ಮುಖ ನೋಡಿ ಅದು ಯಾವ ತಾಯಿಯದೆಂದು ಹೇಳುತ್ತಿದ್ದಳು. ಮನುಷ್ಯರ ಮುಖ ನೋಡಿದಾಗ ಮಾತ್ರ ಪ್ರತಿಸಲವೂ ಮೋಸಹೋಗುತ್ತಿದ್ದಳು. ಕಾಲುವೆಯ ಈ ದಂಡೆಯಿಂದ ಆ ದಂಡೆಯ ಕುರಿಗಳನ್ನು ಕರೆದು ರೂಢಿಯಾದ ಗಂಟಲು. ಅವಳು ಪಿಸುಗುಟ್ಟಿದರೆ ಪಕ್ಕದ ಓಣಿಯವರು ಏನಂತ ಎಂದು ಕೇಳುತ್ತಿದ್ದರು.

ಗಂಡ ದೇವಿಂದ್ರಪ್ಪನದು ತಿರುಗುಮುರುಗು. ಮಾತು ಕಡಿಮೆ, ಮರ ಹತ್ತುವುದು ಹೆಚ್ಚು. ಬೇಸಿಗೆಯಲ್ಲಿ ಹುಲ್ಲು ತೀರಿದ ಮೇಲೆ ಕುರಿ, ಆಡುಗಳಿಗೆ ಸೊಪ್ಪಿನ ಟೊಂಗೆ ಕಡಿದು ಹಾಕುವುದು ಅವರ ಪದ್ಧತಿ. ಆ ಕೆಲಸದಲ್ಲಿ ಅವನಿಗೆ ಸಮನಾದವರಿರಲಿಲ್ಲ. ಇತರರು ಮರ ಹತ್ತುತ್ತಿದ್ದರು. ಇವನು ಮರದ ಮೇಲೆ ಅಡ್ಡಾಡುತ್ತಿದ್ದ. ಆ ವರ್ಷ ಹುಣಸಗಿಯ ಕಡೆ ಕಾಲುವೆ ದಂಡೆಯಲ್ಲಿ ಕುರಿ ಬಿಟ್ಟಿದ್ದಾಗ ಒಂದು ಬೇವಿನ ಮರ ಹತ್ತಿದ. ಕಡಿದ ಟೊಂಗೆ ಮೊದಲು ಬಿತ್ತು, ಆಮೇಲೆ ಅವನು ಬಿದ್ದ. ಕುರಿಗಳು ಎರಡರ ಸುತ್ತಲೂ ನೆರೆದು ಸೊಪ್ಪು ತಿನ್ನತೊಡಗಿದವು.

ಓಡಿಬಂದ ಭೀಮವ್ವನಿಗೆ ಅವನು ಕೇಳಿದ್ದು ಒಂದೇ ಮಾತು: "ಏ, ನನ್ನ ಕಾಲು ಮ್ಯಾಲೇ ಉಳದಾವೇನು ನೋಡು."

ಭೀಮವ್ವ ಖರೇನೇ ತಲೆಯೆತ್ತಿ ಮರ ನೋಡಿದಳು.

ದೊಡ್ಡ ಊರಿನ ದೊಡ್ಡ ದವಾಖಾನೆಯಲ್ಲಿ ಆಪರೇಷನ್ ಆಯಿತು. ಬೆನ್ನಿಗೆ ಸಲಾಕೆ ಹಾಕಿದರು. ಜೀವ ಉಳಿಯಿತು, ಅದು ಸಣ್ಣ ಮಾತಲ್ಲ. ಎದೆಯಿಂದ ಕೆಳಗೆ ಮಾತ್ರ ಅವನ ಮೈ ಅವನದಾಗಿ ಉಳಿಯಲಿಲ್ಲ. ಮನೆಗೆ ಕಳಿಸುವ ದಿನ ಡಾಕ್ಟರು, "ಇನ್ನು ಇವರಿಗೆ ಪುನರ್ವಸತಿ ಚಿಕಿತ್ಸೆ ಬೇಕು, ಎಲ್ಲಾದರೂ ನೋಡಿಕೊಳ್ಳಿ. ಮೆತ್ತನೆಯ ಗಾದಿಯ ಮೇಲೆ ಮಲಗಿಸಿ, ಮಗ್ಗುಲು ಬದಲಿಸುತ್ತಿರಿ" ಎಂದರು. ಎಲ್ಲಾದರೂ ಎಂದರೆ ಎಲ್ಲಿ ಎಂದು ಭೀಮವ್ವ ಕೇಳುವಷ್ಟರಲ್ಲಿ ಅವರು ಮುಂದಿನ ಮಂಚಕ್ಕೆ ಹೋಗಿದ್ದರು.

ಮನೆಯಲ್ಲಿ ಭೀಮವ್ವ ಮೆತ್ತನೆಯ ಗಾದಿ ಹಾಸಿದಳು. ಅದರ ಮೇಲೆ ಕಂಬಳಿ ಹಾಸಿದಳು. ಅವರಲ್ಲಿ ಯಾರೇ ಹಾಸಿಗೆ ಹಿಡಿದರೂ ಮೈಗೆ ಕಂಬಳಿ ತಾಗಬೇಕು. ಅದು ಬರೀ ಹಾಸಿಗೆಯಲ್ಲ, ಕುಲದೇವರು ಬೀರಪ್ಪನ ಗದ್ದುಗೆ. ಕಂಬಳಿಯ ಮೇಲೆ ಮಲಗಿದವನು ಎದ್ದೇ ಏಳುತ್ತಾನೆಂಬ ನಂಬಿಕೆ. ಹಳೆಯದು ಹಾಸಲು ಅವಳಿಗೆ ಮನಸ್ಸು ಬರಲಿಲ್ಲ. ತಾನೇ ಉಣ್ಣೆ ನೂತು ನೇಯಿಸಿದ, ಹುಣಸೆ ಬೀಜದ ಗಂಜಿ ಕುಡಿದು ಬಿರುಸಾದ ಹೊಸ ಕಂಬಳಿಯನ್ನು ತೆಗೆದಳು. ಹೊಸ ಕಂಬಳಿ ಎಂದರೆ ಮೊದಲ ವರ್ಷ ಮುಳ್ಳಿನ ಪೊದೆ ಇದ್ದ ಹಾಗೆ. ಕುರಿಗಾರರ ದಪ್ಪ ಚರ್ಮವೂ ಅದರ ಮೇಲೆ ಹೊರಳಾಡಿ ಬೈಯುತ್ತದೆ.

"ಚುಚ್ಚತೈತೇನು?" ಎಂದು ಕೇಳಿದಳು.

"ಇಲ್ಲೇಳು," ಎಂದ ದೇವಿಂದ್ರಪ್ಪ. "ರೇಷ್ಮಿ ಹಾಸಿದಂಗ ಐತಿ."

ಪರಶುರಾಮ ಕೈಮುಗಿದುಬಿಟ್ಟ. "ಹೊಸಾ ಕಂಬಳಿ ಚುಚ್ಚವಲ್ದು ಅಂದ್ರ ಸಣ್ಣ ಮಾತೇನ್ ವೈನಿ? ಬೀರಪ್ಪ ಮೈಯಾಗ ಕುಂತಾನ."

ಚುಚ್ಚದ ಕಂಬಳಿಯನ್ನು ನೋಡಲು ಓಣಿಯೆಲ್ಲ ಬಂತು. ಕೆಲವರು ಅದರ ಮೇಲೆ ಭಂಡಾರದ ಅರಿಶಿನ ಚೆಲ್ಲಿ ಹಣೆಗಿಟ್ಟುಕೊಂಡು ಹೋದರು. ದೇವಿಂದ್ರಪ್ಪನೂ ಗಟ್ಟಿಯಾಗಿ ನಂಬಿದ. ಬಿದ್ದ ಮೇಲೆ ಅವನ ಮೈಗೆ ಆದ ಮೊದಲ ಒಳ್ಳೆಯದು ಅದೇ ಆಗಿತ್ತು.

ದೇವರು ತನ್ನ ಕೆಲಸ ಶುರುಮಾಡಿದ್ದಾನೆಂದ ಮೇಲೆ ಮನುಷ್ಯರು ಸುಮ್ಮನೆ ಕೂರುವುದು ಸರಿಯಲ್ಲವೆಂದು ಭೀಮವ್ವ ದಂಡು ಹೊರಡಿಸಿದಳು. ಮೊದಲು ಸುರಪುರ. ಅಲ್ಲಿನ ಚಹಾದಂಗಡಿಯಲ್ಲಿ ಪುನರ್ವಸತಿ ಎಂಬ ಮಾತೆತ್ತಿದ್ದೇ ತಡ, ಕೂತವರೆಲ್ಲ ಒಂದೇ ದಿಕ್ಕಿಗೆ ಕೈ ತೋರಿಸಿದರು. ಆಣೆಕಟ್ಟಿನ ನೀರಿಗೆ ಊರುಗಳು ಹೋದ ಸೀಮೆಯದು. ಆ ಶಬ್ದ ಅಲ್ಲಿ ಎಮ್ಮೆ ಕಾಯುವವರಿಗೂ ಗೊತ್ತು. ಕೈ ತೋರಿಸಿದ ಕಚೇರಿಯಲ್ಲಿ ಸಂಜುಕುಮಾರ ಎಂಬ ಗುಮಾಸ್ತ ಕೂತಿದ್ದ.

"ಯಾವ ಊರು ಮುಳುಗೈತವ್ವ ನಿಮ್ದು?"

"ಊರು ಮುಳುಗಿಲ್ರಿ ಸಾಹೇಬ್ರ. ನನ್ನ ಗಂಡ."

"ಹೊಳಿಯಾಗೇನು?"

"ಗಿಡದ ಮ್ಯಾಲಿಂದ್ರಿ."

ಸಂಜುಕುಮಾರ ಕನ್ನಡಕ ತೆಗೆದು ಒರೆಸಿದ. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದ. ನೋಡಿ ತಿಳಿಯುವಂಥದ್ದೇನೂ ಅವನಿಗೆ ಅಲ್ಲಿರಲಿಲ್ಲ. "ನಾವು ಊರಿಗೆ ಊರು ಎತ್ತಿ ಬ್ಯಾರೆ ಕಡಿ ಇಟ್ಟೀವಿ. ಒಬ್ಬ ಮನಷ್ಯಾನ್ನ ಎತ್ತಿ ಕುಂದ್ರಸೋದು ನಮಗ ಬರಂಗಿಲ್ಲವ್ವ," ಎಂದು ಇಬ್ಬರಿಗೂ ಚಹಾ ಕುಡಿಸಿ ಕಳಿಸಿದ. ಇಡೀ ದಂಡಯಾತ್ರೆಯಲ್ಲಿ ಬರುವುದಿಲ್ಲ ಎಂಬ ಮಾತನ್ನು ಆಡಿದ ಗಂಡಸು ಅವನೊಬ್ಬನೇ.

ಎರಡನೆಯ ಯುದ್ಧ ಯಾದಗಿರಿಯಲ್ಲಿ. ಯಾರೋ ದಾನಿಗಳ ಸಂಘದವರು ಕಾಲಿಲ್ಲದವರಿಗೆ ಮೂರು ಗಾಲಿಯ ಸೈಕಲ್ ಹಂಚುತ್ತಾರೆಂದು ಗೊತ್ತಾಗಿ, ದೇವಿಂದ್ರಪ್ಪನನ್ನೇ ಟಂಟಂನಲ್ಲಿ ಮಲಗಿಸಿಕೊಂಡು ಹೋದರು. ಹಾರ ಹಾಕಿದರು, ಶಾಲು ಹೊದೆಸಿದರು, ಸೈಕಲ್ಲಿನ ಮೇಲೆ ಕೂರಿಸಿದರು. ಅವನು ಎಡಕ್ಕೆ ವಾಲಿದ. ನೆಟ್ಟಗೆ ಮಾಡಿದರು, ಬಲಕ್ಕೆ ವಾಲಿದ. ಕೂರುವುದನ್ನು ಅವನಿಗೆ ಇನ್ನೂ ಯಾರೂ ಕಲಿಸಿರಲಿಲ್ಲ. ಫೋಟೋದವನಿಗೆ ಅವಸರವಿತ್ತು. "ನೀವರ ಕುಂದರ್ರಿ" ಎಂದು ಪರಶುರಾಮನ ಹೆಗಲು ಹಿಡಿದು ಕೂರಿಸಿದ. ಹಲ್ಲು ಕಿಸಿಯುವ ಕೆಲಸದಲ್ಲಿ ಪರಶುರಾಮ ಎಂದೂ ಹಿಂದೆ ಬಿದ್ದವನಲ್ಲ. ಮರುದಿನ ಕೊಂಕಲ್ಲಿನ ಫೋನುಗಳಲ್ಲೆಲ್ಲ ಹಾರ ಹಾಕಿಕೊಂಡ ಅವನ ನಗೆಮುಖ, ಕೆಳಗೆ 'ನೊಂದ ಬಾಳಿಗೆ ಬೆಳಕು' ಎಂಬ ಸಾಲು.

"ಏನಪ ಪರಶ್ಯಾ, ಕಾಲು ಹೆಂಗ ಅದಾವ?" ಎಂದು ದಾರಿಯಲ್ಲಿ ಕೇಳುವವರು.

"ನಿನಗ ಒದಿಯೋವಷ್ಟು ಗಟ್ಟಿ ಅದಾವ, ಬಾ."

ಇದನ್ನು ಕೇಳಿ ದೇವಿಂದ್ರಪ್ಪ ನಕ್ಕ. ಬಿದ್ದ ಮೇಲೆ ಮೊದಲ ಸಲ. ಆದರೆ ಮುಖವಷ್ಟೇ ನಕ್ಕಿತು, ಹೊಟ್ಟೆ ಅಲುಗಲಿಲ್ಲ. ನಗು ಕೆಮ್ಮಾಗಿ, ಕೆಮ್ಮಲು ಶಕ್ತಿ ಸಾಲದೆ ಉಸಿರು ಸಿಕ್ಕಿಕೊಂಡಿತು. ಭೀಮವ್ವ ಎದೆ ಒತ್ತಿ ಹಿಡಿದು ಕೂತಳು. ಸೈಕಲ್ಲಿನ ಮೇಲೆ ಕೋಳಿಗಳು ಕೂರತೊಡಗಿದವು.

ಮೂರನೆಯದು ಶಹಾಪುರ. ಅಲ್ಲಿ ಮೊದಲು ಒಬ್ಬ ಎಣ್ಣೆ ತಿಕ್ಕುವವ ಸಿಕ್ಕ. ಕಾಲುಗಳು ಬಹಳ ಚೆನ್ನಾಗಿ ಹೊಳೆದವು, ಏಳಲಿಲ್ಲ. ಆಮೇಲೆ ಗೊಬ್ಬರದ ಅಂಗಡಿಯ ಮಾಳಿಗೆಯಲ್ಲಿ ವ್ಯಾಯಾಮ ಚಿಕಿತ್ಸೆ ಕೊಡುವ ಗುಲಫಶಾ ಸಿಕ್ಕಳು. ಇನ್ನೂ ಮೂವತ್ತು ತುಂಬದ ಹುಡುಗಿ. ರೋಗಿ ಮೆಟ್ಟಿಲು ಹತ್ತಲಾರನೆಂದು ತಾನೇ ಇಳಿದು ಬಂದು, ನಡುಬೀದಿಯಲ್ಲಿ, ಟಂಟಂನೊಳಗೇ ಕೂತು ಅವನ ಮೈ ಪರೀಕ್ಷೆ ಮಾಡಿದಳು. ಪೆನ್ನಿನ ತುದಿಯಿಂದ ಎದೆಯ ಕೆಳಗೆ ಎಲ್ಲಿ ಮುಟ್ಟಿದರೂ ಅವನು ಮುಟ್ಟಿಲ್ಲ ಎನ್ನುತ್ತಿದ್ದ.

"ಬೆನ್ನುಹುರಿ ಹೋದವರಿಗಂತನ ಬ್ಯಾರೆ ವಾರ್ಡ್ ಇರ್ತಾವ ಆಂಟಿ," ಎಂದಳು. "ಕುಂದ್ರೂದು ಕಲಸ್ತಾರ. ಮಂಚದಿಂದ ಗಾಲಿ ಕುರ್ಚಿಗಿ ಜಾರೋದು ಕಲಸ್ತಾರ. ಉಚ್ಚಿ ಹೆಂಗ ತಗೀಬೇಕು, ತಾನೇ ಹೆಂಗ ಹೊಳ್ಳಬೇಕು, ಎಲ್ಲಾ ಕಲಸ್ತಾರ. ನನ್ನ ಒಬ್ಬಾಕಿ ಕೈಲಿ ಆಗೋ ಕೆಲಸಲ್ಲ ಅದು."

"ಎಲ್ಲೈತವ್ವ ಅಂಥಾದ್ದು?"

"ನನಗ ಗೊತ್ತಿರೋದು ಮದ್ರಾಸ್ ಲೈನಿಗೆ ಅದ. ಯಾದಗಿರಿಯಾಗ ರೈಲು ಹತ್ತಬೇಕು. ನಮ್ಮ ಮೇಡಮ್ ಒಬ್ಬರು ಅಲ್ಲಿದ್ದಾರ, ಫೋನ್ ಮಾಡ್ತೀನಿ."

ಅಲ್ಲಿಯೇ ನಿಂತು ಫೋನ್ ಮಾಡಿದಳು. ಬರುವ ತಿಂಗಳು ಒಂದು ಹಾಸಿಗೆ ಖಾಲಿಯಾಗುತ್ತದೆ, ಕರೆದುಕೊಂಡು ಬನ್ನಿ ಎಂಬ ಉತ್ತರ ಬಂತು. ಮೂರು ತಾಲ್ಲೂಕು ಸುತ್ತಿದ ದಂಡು ಗೆದ್ದದ್ದು ಹೀಗೆ, ಗೊಬ್ಬರದ ವಾಸನೆಯ ನಡುವೆ, ಎರಡು ನಿಮಿಷದ ಮಾತಿನಲ್ಲಿ. ಪರಶುರಾಮ ಖುಷಿಯಲ್ಲಿ ಟಂಟಂನ ಹಾರ್ನ್ ಹೊಡೆದ.

ಗುಲಫಶಾ ಭೀಮವ್ವನನ್ನು ಅಂಗಡಿಯ ಚೀಲಗಳ ಹಿಂದೆ ಕರೆದಳು. "ಆಂಟಿ, ಕಾಲು ಬರೋದಿಲ್ಲ. ಅದನ್ನ ಹೇಳಿ ಕರ್ಕೊಂಡು ಹೋಗ್ರಿ."

"ಕಾಲು ಬರಲಿಲ್ಲಂದ್ರ ಅಷ್ಟು ದೂರ ಹೋಗೋದು ಯಾಕ ಮತ್ತ?"

"ಹೋಗದಿದ್ರ ಇವ್ರು ಬಾಳ ದಿನ ಇರೋದಿಲ್ಲ. ಮೈಗೆ ಗಾಯ ಆಗ್ತಾವ, ಉಚ್ಚಿ ಕಟ್ಟಿ ಜ್ವರ ಬರ್ತದ. ಅಂಥವರ್ನ ನಾ ನೋಡೀನಿ. ಕಲ್ತು ಬಂದವ್ರು ಕಾಲಿಲ್ದನ ಮಕ್ಕಳ ಮದಿವಿ ಮಾಡ್ಯಾರ, ಮೊಮ್ಮಕ್ಕಳ್ನ ಎತ್ಯಾಡಿಸ್ಯಾರ."

ಭೀಮವ್ವ ಟಂಟಂಗೆ ಬಂದು ಕೂತಳು.

"ಏನಂತ ಆಕಿ?" ಎಂದ ದೇವಿಂದ್ರಪ್ಪ.

"ಕಲಸ್ತಾರಂತ."

"ನಡಿಯೋದು?"

"ಎಲ್ಲಾ."

ಓಣಿಗೆಲ್ಲ ಕೇಳುವಂತೆ ಪಿಸುಗುಟ್ಟುವ ಹೆಂಗಸು ಅಂದಿನಿಂದ ಒಂದು ಮಾತನ್ನು ಎದೆಯೊಳಗೆ ಮುಚ್ಚಿಟ್ಟುಕೊಂಡು ತಿರುಗಿದಳು. ಅವನು ದಿನಾಲು ಯೋಜನೆ ಹಾಕುತ್ತಿದ್ದ. ದೊಡ್ಡ ಟಗರನ್ನು ಮಾರಬೇಡ, ನಾ ಬಂದ ಮೇಲೆ ನೋಡೋಣ ಎನ್ನುವನು. ದೀಪಾವಳಿಗೆ ಕುರಿ ಹೊಡೆದುಕೊಂಡು ಶಹಾಪುರದ ಗುಡ್ಡದ ಕಡೆ ಹೋಗೋಣ ಎನ್ನುವನು. ಅವಳು ಹೂಂ ಎನ್ನುವಳು. ಮಗ್ಗುಲು ಬದಲಿಸುವಾಗ ಬೆನ್ನ ಕೆಳಗೆ, ನಡುವಿನ ಎಲುಬಿನ ಮೇಲೆ ಕೆಂಪಾಗಿದ್ದು ಕಂಡಿತ್ತು. ಟಂಟಂನ ಕುಲುಕಿಗೆ ಆಗಿರಬೇಕೆಂದು ಅದರ ಮೇಲೆ ಬೀರಪ್ಪನ ಭಂಡಾರ ಒತ್ತಿದಳು. ಅರಿಶಿನದ ಕೆಳಗೆ ಆಮೇಲೆ ಏನಾಯಿತೆಂಬುದು ಕಾಣಲಿಲ್ಲ.

ರೈಲಿನ ದಿನ ಹತ್ತಿರ ಬಂದಿತ್ತು. ಅಂದು ಮುಂಜಾನೆ ಅವನನ್ನು ಕಂಬಳಿ ಸಮೇತ ಅಂಗಳದ ನೆರಳಿಗೆ ತಂದು ಮಲಗಿಸಿದ್ದರು. ಪಕ್ಕದಲ್ಲೇ ಹಟ್ಟಿ.

"ಏ, ಯಾವುದೋ ಕುರಿಗಿ ಹುಣ್ಣಾಗೈತಿ," ಎಂದ. "ವಾಸನಿ ಬರಾಕತ್ತೈತಿ. ಹುಳಾ ಬೀಳೂಕಿಂತ ಮೊದ್ಲ ನೋಡು."

ಭೀಮವ್ವ ಹಟ್ಟಿಗಿಳಿದಳು. ಒಂದೊಂದನ್ನೇ ಕೆಡವಿ ಗೊರಸು ನೋಡಿದಳು, ಬಾಲದ ಕೆಳಗೆ ನೋಡಿದಳು, ಕಿವಿ ಮಡಚಿ ನೋಡಿದಳು. ಪರಶುರಾಮನೂ ಇಳಿದ. ಎಲ್ಲ ನೆಟ್ಟಗಿದ್ದವು.

"ಇಲ್ಲೋ ಮಾರಾಯ, ಒಂದಕ್ಕೂ ಇಲ್ಲ."

"ಕುರಿ ಕಾಯೋರ ಮನ್ಯಾಗ ಹುಟ್ಟಿ ಮೂಗಿಲ್ಲೇನು ನಿಮಗ?" ಎಂದು ದೇವಿಂದ್ರಪ್ಪ ಸಿಡುಕಿದ. "ಇಲ್ಲೇ ಐತಿ ಅನ್ನಾಕತ್ತೀನಿ. ನನ್ನ ಹತ್ರನೇ ಐತಿ."

ಭೀಮವ್ವ ಅವನ ಹತ್ತಿರ ಬಂದು ನಿಂತಳು. ಅವಳಿಗೂ ವಾಸನೆ ಬಂತು. ಪರಶುರಾಮನ ಕಡೆ ನೋಡಿದಳು. ಇಬ್ಬರೂ ಸೇರಿ ಅವನನ್ನು ಮೆಲ್ಲಗೆ ಹೊರಳಿಸಿದರು. ಬೆನ್ನಿನ ಜೊತೆಗೇ ಕಂಬಳಿಯೂ ಎದ್ದು ಬಂತು.

"ಸಿಕ್ತೇನು?" ಎಂದು ದೇವಿಂದ್ರಪ್ಪ ಕೇಳುತ್ತಿದ್ದ. "ಯಾವ ಕುರಿ?"

ಫೋನಿನಲ್ಲಿ ಸುದ್ದಿ ಕೇಳಿ ಗುಲಫಶಾ ಮಧ್ಯಾಹ್ನದ ಬಸ್ಸಿಗೆ ಬಂದಳು. ಗಾಯ ನೋಡಿದಳು, ಮುಷ್ಟಿ ಹಿಡಿಸುವಷ್ಟಿತ್ತು. ಆಮೇಲೆ ಕಂಬಳಿಯ ಮೇಲೆ ಅಂಗೈ ಆಡಿಸಿ ನೋಡಿದಳು. "ಇದು ಯಾರು ಹಾಸಿದ್ದು?"

"ನಾ," ಎಂದಳು ಭೀಮವ್ವ. "ಚುಚ್ಚವಲ್ದು ಅಂದ. ಬೀರಪ್ಪನ ಕರುಣ ಅಂತ ತಿಳದ್ವಿ."

ಗುಲಫಶಾ ಬೈಯಲಿಲ್ಲ. "ಚುಚ್ಚಿದ್ದು ಅವರಿಗೆ ಗೊತ್ತಾಗಬೇಕಲ್ಲ ಆಂಟಿ," ಎಂದಳಷ್ಟೇ. ಮತ್ತೆ ಫೋನ್ ಮಾಡಿದಳು. ಬಾಯಿಬಿಟ್ಟ ಗಾಯವಿದ್ದರೆ ಕಲಿಸಲಾಗುವುದಿಲ್ಲ, ಮಾಯಿಸಿಕೊಂಡು ಬರಲಿ ಎಂದರು. ಆ ಹಾಸಿಗೆ ಸಾಲಿನಲ್ಲಿ ಕಾಯುತ್ತಿದ್ದ ಬೇರೊಬ್ಬನಿಗೆ ಹೋಯಿತು.

ಭೀಮವ್ವ ಕಂಬಳಿಯನ್ನು ಸುತ್ತಿ ಅಟ್ಟಕ್ಕೆ ಹಾಕಿದಳು. ಓಣಿಯ ಹಿರಿಯಳು ರೇಣಮ್ಮ ಬಾಗಿಲಲ್ಲಿ ನಿಂತು, "ಬ್ಯಾನಿ ಬಿದ್ದವನ ಬುಡದಾಗಿಂದ ಗದ್ದುಗಿ ಎಳದ್ಯಲ್ಲ. ಬೀರಪ್ಪಗ ಏನಂತ ಹೇಳ್ತಿ?" ಎಂದಳು.

"ಸಿಟ್ಟು ಬಂದ್ರ ನನ್ನ ಮ್ಯಾಲ ಬರಲಿ ಅಂತ ಹೇಳ್ತೀನಿ. ಅವನ ಬೆನ್ನಿಗಿ ಸಾಕಾಗೈತಿ."

ಆಮೇಲೆ ನಡೆದ ಯುದ್ಧಕ್ಕೆ ಟಂಟಂ ಬೇಕಾಗಲಿಲ್ಲ. ರಣರಂಗ ಅಂಗೈಯಗಲದ ಮಾಂಸ. ಭೀಮವ್ವ ಅದನ್ನು ಕುದಿಸಿ ಆರಿಸಿದ ನೀರಿನಲ್ಲಿ ತೊಳೆದಳು, ಗುಲಫಶಾ ತೋರಿಸಿದ ಹಾಗೆ ಪಟ್ಟಿ ಕಟ್ಟಿದಳು, ಹಗಲೂ ಇರುಳೂ ಅವನನ್ನು ಹೊರಳಿಸಿದಳು. ಮಳೆ ಶುರುವಾಗಿ ಮುಗಿಯುವವರೆಗೂ ದೇವಿಂದ್ರಪ್ಪ ಹೊಟ್ಟೆಯ ಮೇಲೆ ಮಲಗಿ ನೆಲ ನೋಡಿದ. ಮರದ ಮೇಲೆ ಅಡ್ಡಾಡಿದವನು ಈಗ ನೆಲದ ಇರುವೆಗಳಲ್ಲಿ ಯಾವುದು ಸೋಮಾರಿ, ಯಾವುದು ಚುರುಕು ಎಂದು ಗುರುತಿಸತೊಡಗಿದ. ಪರಶುರಾಮನನ್ನು ಸೋಮಾರಿಗಳ ಕಡೆ ಸೇರಿಸಿದ.

ಒಂದು ದಿನ ಪಟ್ಟಿ ಬಿಚ್ಚುತ್ತಿದ್ದ ಭೀಮವ್ವ, "ನಾನೇ ನೂತು, ನಾನೇ ಹಾಸಿ, ನಾನೇ ನಿನ್ನ ಕೆಡಿಸಿದೆ," ಎಂದಳು.

ಅವನು ನೆಲಕ್ಕೆ ಮುಖ ಹಾಕಿಯೇ ಇದ್ದ. "ಚುಚ್ಚತೈತಿ ಅಂತ ಸುಳ್ಳರ ಹೇಳಬೇಕಿತ್ತು ನಾ," ಎಂದ.

ಗಾಯ ಕೂಡಿತು. ಮತ್ತೊಂದು ಹಾಸಿಗೆ ಖಾಲಿಯಾಯಿತು. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ನಿಲ್ಲುವ ಪುಟ್ಟ ಗಳಿಗೆಯಲ್ಲಿ ಬೋಗಿಯ ಬಾಗಿಲೆಂಬ ಕೋಟೆದ್ವಾರಕ್ಕೆ ಲಗ್ಗೆ ಹಾಕಲಾಯಿತು. ದೇವಿಂದ್ರಪ್ಪನನ್ನು ಮಲಗಿಸಿದ ಹಲಗೆಯ ತಲೆಯ ಕಡೆ ಪರಶುರಾಮ, ಇಬ್ಬರು ಹಮಾಲರು ಕಾಲ ಕಡೆ, ಭೀಮವ್ವನ ಗಂಟಲು ಎಲ್ಲ ಕಡೆ. ಇಳಿಯುವವರು ಹೆದರಿ ಮತ್ತೆ ಹತ್ತಿದರು. ರೈಲು ಕೃಷ್ಣೆಯ ಸೇತುವೆ ದಾಟುವಾಗ ದೇವಿಂದ್ರಪ್ಪ ಕಿಟಕಿಯಲ್ಲಿ ನೋಡಿ, "ಬರುವಾಗ ಕುಂತು ನೋಡ್ತೀನಿ," ಎಂದ. ಭೀಮವ್ವ ಹೂಂ ಎಂದಳು. ಅಷ್ಟು ಮಟ್ಟಿಗೆ ಅದು ನಿಜವಾಗಬಹುದಿತ್ತು.

ಆ ವಾರ್ಡಿನಲ್ಲಿ ಎಲ್ಲರೂ ಎಲ್ಲಿಂದಲೋ ಬಿದ್ದವರೇ. ತೆಂಗಿನಿಂದ ಬಿದ್ದವ, ಮೋಟರ್ ಸೈಕಲ್ಲಿನಿಂದ ಬಿದ್ದವ, ಬಾವಿಗೆ ಬಿದ್ದವ. ಅವರೊಳಗೆ ಒಂದು ರೂಢಿಯಿತ್ತು. ಯಾರಾದರೂ ಮೊದಲ ಸಲ ಏನನ್ನಾದರೂ ತಾನಾಗಿ ಮಾಡಿದರೆ, ಎದ್ದು ಕೂತರೆ, ಕುರ್ಚಿಗೆ ಜಾರಿದರೆ, ಉಳಿದವರು ಊಟದ ಸ್ಟೀಲ್ ತಟ್ಟೆಯನ್ನು ಚಮಚದಿಂದ ಬಡಿಯುತ್ತಿದ್ದರು. ಭಾಷೆ ಬಾರದ ಭೀಮವ್ವನಿಗೆ ಅದೊಂದು ತಕ್ಷಣ ಅರ್ಥವಾಯಿತು.

ದೊಡ್ಡ ಡಾಕ್ಟರು ಮೈಸೂರು ಕಡೆಯ ಹೆಂಗಸು. ಮೊದಲ ದಿನವೇ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ಇಲ್ಲಿ ನಿಮಗೆ ಏನೇನು ಕಲಿಸುತ್ತೇವೆ ಅಂತ ಹೇಳಿದ್ದಾರೆ?" ಎಂದು ಕೇಳಿದರು.

"ನಡಿಯೋದ್ರಿ," ಎಂದ ದೇವಿಂದ್ರಪ್ಪ.

ಡಾಕ್ಟರು ಭೀಮವ್ವನ ಮುಖ ನೋಡಿದರು. ಭೀಮವ್ವ ನೀರಿನ ಬಾಟಲಿಯ ಮುಚ್ಚಳವನ್ನು ತಿರುವುತ್ತಿದ್ದಳು.

"ಇಲ್ಲ," ಎಂದರು ಡಾಕ್ಟರು. "ಕಾಲು ಮತ್ತೆ ಬರುವುದಿಲ್ಲ ದೇವಿಂದ್ರಪ್ಪ. ಇದನ್ನು ನಾನು ನಿಮಗೆ ನೆಟ್ಟಗೆ ಹೇಳಬೇಕು. ಉಳಿದದ್ದನ್ನೆಲ್ಲ ಕಲಿಸುತ್ತೇವೆ."

ಅವನು ಸೂರು ನೋಡಿದ. ಡಾಕ್ಟರು ಎದ್ದು ಹೋದ ಮೇಲೆ, "ನಿನಗ ಗೊತ್ತಿತ್ತೇನು?" ಎಂದ.

"ಹೂಂ."

"ಯಾವಾಗಿಂದ?"

"ಶಹಾಪುರದಾಗಿಂದ."

ಅವನು ಮತ್ತೆ ಸೂರು ನೋಡಿದ. ಬೈದಿದ್ದರೆ ಭೀಮವ್ವನಿಗೆ ಹಗುರವಾಗುತ್ತಿತ್ತು. ಮರುದಿನದಿಂದ ಹೊರಳುವ ಪಾಠ ಶುರುವಾಯಿತು. ಮಂಚದ ಅಂಚು ಹಿಡಿ, ಕೈ ಬೀಸು, ಹೆಗಲಿನ ಹಿಂದೆ ನಡು ಬರುತ್ತದೆ, ನಡುವಿನ ಹಿಂದೆ ಕಾಲು ಬರುತ್ತವೆ. ಕಲಿಸುವವಳು ಎಷ್ಟು ಪುಸಲಾಯಿಸಿದರೂ ಅವನು ಕೈ ಎತ್ತಲಿಲ್ಲ. ಸತ್ತ ಮೈಯನ್ನು ಹೊತ್ತುಕೊಂಡು ಹೊರಳಿ ಆಗಬೇಕಾದ್ದೇನು ಎಂಬಂತೆ ಮಲಗಿದ್ದ. ಭೀಮವ್ವ ಮೊದಲಿನಂತೆಯೇ ತಾನೇ ಹೊರಳಿಸುತ್ತಿದ್ದಳು. ಹೊರಳಿಸುವಾಗ ಅವನ ಮುಖ ಅವಳ ಮುಖಕ್ಕೆ ಎದುರಾಗುತ್ತಿತ್ತು. ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆ ಕಡೆ ಹೊರಳಿ ಮುಖ ಮರೆಸಿಕೊಳ್ಳಬೇಕೆಂದರೂ ಅವಳ ಕೈಯೇ ಬೇಕಾಗಿತ್ತು.

ಊಟದ ಹೊತ್ತು. ಭೀಮವ್ವ ತಟ್ಟೆ, ಚಮಚ ತೊಳೆದು ತರಲು ನಲ್ಲಿಗೆ ಹೋಗಿದ್ದಳು. ತಿರುಗಿ ಬರುವಾಗ ವಾರ್ಡಿನ ಬಾಗಿಲಿಗೇ ಸದ್ದು ಕೇಳಿತು. ಬಾವಿಗೆ ಬಿದ್ದವನು ಬಡಿಯುತ್ತಿದ್ದ, ತೆಂಗಿನಿಂದ ಬಿದ್ದವನು ಬಡಿಯುತ್ತಿದ್ದ, ಎಲ್ಲರೂ ದೇವಿಂದ್ರಪ್ಪನ ಮಂಚದ ಕಡೆ ನೋಡಿ ನಗುತ್ತಿದ್ದರು. ಅವನು ಹೊರಳಿದ್ದ. ಯಾರ ಕೈಯೂ ಇಲ್ಲದೆ, ತಾನೇ, ಗೋಡೆಯ ಕಡೆಗೆ. ಕಾಲುಗಳು ಒಂದರ ಮೇಲೊಂದು ಸರಿಯಾಗಿ ಕೂತಿದ್ದವು.

ಭೀಮವ್ವ ಓಡಿದಳು. ಮಂಚ ಗೋಡೆಗೆ ಹತ್ತಿಕೊಂಡಿತ್ತು. ಅವನ ಮುಖ ನೋಡಲು ಆ ಕಡೆ ಜಾಗವಿರಲಿಲ್ಲ. ಹೆಗಲು ಮಾತ್ರ ಕಂಡಿತು. ಅದು ಅಲುಗುತ್ತಿತ್ತು. ಬೆಳ್ಳಗಿನ ಹಾಸಿನ ಮೇಲೆ ಬಿದ್ದವನು ಹಲ್ಲು ಕಚ್ಚಿದರೂ ಒಳಗಿನ ಅಳು ತಡೆಯದೆ ಸದ್ದಾಗಿ ಹೊರಗೆ ಬರತೊಡಗಿತ್ತು.

ತಟ್ಟೆಗಳ ಸದ್ದು ಕಡಿಮೆಯಾಗುತ್ತ ಬಂತು. ಭೀಮವ್ವ ವಾರ್ಡಿನ ಕಡೆ ತಿರುಗಿ, ಅವನ ಬೆನ್ನಿಗೆ ಅಡ್ಡವಾಗಿ ನಿಂತಳು. ಕೈಯಲ್ಲಿದ್ದ ಒದ್ದೆ ತಟ್ಟೆಯನ್ನು ಎತ್ತಿ ಹಿಡಿದು, ಚಮಚ ಮಣಿಯುವ ಹಾಗೆ, ಎಲ್ಲರಿಗಿಂತ ಜೋರಾಗಿ ಬಡಿಯತೊಡಗಿದಳು.